ತಾಮ್ರದೊಳಗಿನ ಖಾಲಿ ಜಾಗ

ವಿಜಯಕುಮಾರ್ ಒಲೆಗೆ ಇನ್ನೊಂದು ಕೊರಡು ತುರುಕಿ, ಹಂಡೆಯ ನೀರಿಗೆ ಬೆರಳದ್ದಿ ನೋಡಿದ. ಹದವಾಗಿ ಕಾದಿತ್ತು. ಹಿತ್ತಲ ಬಾಗಿಲಿಗೆ ಬಂದು, "ನೀರು ಕಾದೈತೆ. ಬರ್ರಿ," ಎಂದ.

ನಡುಮನೆಯಲ್ಲಿ ಸರೋಜಾಳ ಹೆಣದ ಸುತ್ತ ಕೂತಿದ್ದ ಹೆಂಗಸರಲ್ಲಿ ಯಾರೂ ಏಳಲಿಲ್ಲ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು ಊದುಬತ್ತಿಯ ಬೂದಿ ಕೊಡವಿದಳು. ಹಿಂದಿನ ಸಂಜೆ ಹೆಂಡತಿಯನ್ನು ಆಸ್ಪತ್ರೆಯಿಂದ ಶಾಮನೂರಿನ ಮನೆಗೆ ತಂದಾಗಿನಿಂದ ಅವನಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ ಮೈಯೆಲ್ಲ ಜೋಮು ಹಿಡಿದಿತ್ತು.

ಅಕ್ಕ ಲತಾ ಎದ್ದು ಬಂದು ಅವನನ್ನು ಗೋಡೆಯ ಮರೆಗೆ ಕರೆದಳು.

"ಆಸ್ಪತ್ರ್ಯಾಗೇ ಮೈ ಒರೆಸಿ ಕಳಿಸ್ಯಾರಲ್ಲ, ವಿಜಿ. ಮುಖಕ್ಕೆ ಒಂದಿಷ್ಟು ನೀರು ಮುಟ್ಟಿಸಿದ್ರೆ ಸಾಕಲ್ಲೇನು?"

"ಯಾಕ?"

"ಅವರೆಲ್ಲ ಹೆದರ್ತಾರಪ್ಪ. ರೇಡಿಯೇಶನ್ನಿನ ಕೆಲಸ ಮಾಡಿದಾಕಿ, ಮೈಯಾಗೆ ಉಳಿದಿರ್ತೈತೆ ಅಂತ."

"ಹಾರ್ಟ್ ನಿಂತು ಸತ್ತಾಳಕ್ಕ."

"ನಂಗೊತ್ತು," ಎಂದಳು ಲತಾ. ಆದರೆ ಅವಳೂ ಹಿತ್ತಲ ಕಡೆ ಹೆಜ್ಜೆಯಿಡಲಿಲ್ಲ.

ಕಂಬಕ್ಕೊರಗಿ ಕೂತಿದ್ದ ಅವ್ವ ಮೈಲಮ್ಮ ನೆಲ ನೋಡುತ್ತಿದ್ದಳು. ರೇಡಿಯೇಶನ್ನಿನ ಆ ಮಾತು ಈ ಮನೆಯಲ್ಲಿ ಮೊದಲು ಹುಟ್ಟಿದ್ದು ಅವಳ ಬಾಯಲ್ಲೇ.

*

ಮದುವೆಯ ಹೊಸತರಲ್ಲಿ ಸರೋಜಾ ದಾವಣಗೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳುತ್ತಲೇ ಪಿಎಚ್.ಡಿ. ಮಾಡುತ್ತಿದ್ದಳು. ದೂರದ ಅಣುಸ್ಥಾವರದಲ್ಲಿ ವಿಕಿರಣಕ್ಕೆ ಒಡ್ಡಿದ ತಾಮ್ರದ ತಂತಿಗಳು ಅವಳ ಲ್ಯಾಬಿಗೆ ಬರುತ್ತಿದ್ದವು. ಸಣ್ಣ ಕುಲುಮೆಯಲ್ಲಿ ಅವನ್ನು ಕಾಸಿ, ತಣಿಸಿ, ಎಷ್ಟು ಚೇತರಿಸಿಕೊಂಡವೆಂದು ಅಳೆಯುವುದು ಅವಳ ಕೆಲಸ. ವಿಜಯಕುಮಾರ್ ಹರಿಹರದ ಕಾರ್ಖಾನೆಯಲ್ಲಿ ಉಕ್ಕು ಕಾಸುವ ಫರ್ನೇಸಿನ ಮುಂದೆ ನಿಲ್ಲುವವನು. ಒಂದು ಭಾನುವಾರ ಹರಿಹರದ ಬಸ್ಸಿನಲ್ಲಿ ಒತ್ತಿಕೊಂಡು ಕೂತಿದ್ದಾಗ ಕೇಳಿದ.

"ನಿನ್ನ ತಾಮ್ರಕ್ಕೆ ಆಗಿರೋದಾದ್ರೂ ಏನು?"

"ಈ ಬಸ್ಸಿನಂಗೇ ಅಂದ್ಕೊಳ್ರಿ. ಎಲ್ಲಾ ಸೀಟೂ ಭರ್ತಿ. ಹೊರಗಿಂದ ಏನೋ ಬಂದು ಗುದ್ದಿ ಒಬ್ಬರನ್ನ ಎಬ್ಬಿಸಿ ಒಗೀತತೆ. ಸೀಟು ಖಾಲಿ. ಎದ್ದೋರು ಮತ್ತೆಲ್ಲೋ ಮಂದಿ ನಡುವೆ ಸಿಕ್ಕೊಂಡಿರ್ತಾರೆ. ಅವ್ರಿಗೂ ಹಿಂಸೆ, ಸುತ್ತ ಇದ್ದೋರಿಗೂ ಹಿಂಸೆ."

"ಕಾಸಿದ್ರೆ?"

"ಎಲ್ಲಾ ಅಲುಗಾಡ್ತಾವೆ. ಸರೀತಾ ಸರೀತಾ ಯಾವುದೋ ಖಾಲಿ ಸೀಟು ಸಿಗ್ತತೆ."

"ತಮ್ಮ ಸೀಟೇ?"

"ತಮ್ಮದೇ ಆಗಬೇಕಂತಿಲ್ಲ. ತಾಮ್ರಕ್ಕೆ ಜಾಗ ತುಂಬಿದ್ರೆ ಸಾಕು." ಕಿಟಕಿಯಾಚೆ ನೋಡುತ್ತ ಸೇರಿಸಿದಳು, "ಎಲ್ಲಾನೂ ತುಂಬಲ್ಲ. ಕೆಲವು ಖಾಲಿ ಜಾಗ ಒಂದಕ್ಕೊಂದು ಸೇರಿ ದೊಡ್ಡ ತೂತಾಗಿಬಿಡ್ತಾವೆ."

ಮರುವರ್ಷ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. "ಆ ಹಾಳು ತಾಮ್ರ ಬಸಿರನ್ನೇ ಸುಟ್ಟುಬಿಡ್ತು," ಎಂದಳು ಮೈಲಮ್ಮ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತೆಂದು ಡಾಕ್ಟರು ವಿಜಯಕುಮಾರನಿಗೆ ಹೇಳಿದ್ದರು. ತಂತಿಗಳು ಲ್ಯಾಬಿಗೆ ಬರುವಷ್ಟರಲ್ಲಿ ಅವುಗಳ ವಿಕಿರಣವೆಲ್ಲ ಇಳಿದಿರುತ್ತದೆಂದು ಸರೋಜಾಳೂ ಹೇಳಿದ್ದಳು. ಅವನು ಅವ್ವನೆದುರು ಬಾಯಿ ತೆರೆಯಲಿಲ್ಲ. ಸಂಕಟದಲ್ಲಿ ಆಡಿದ ಮಾತು, ತಾನಾಗಿಯೇ ಆರುತ್ತದೆ ಎಂದುಕೊಂಡ.

ಒಂದು ಸಂಜೆ ಸರೋಜಾ ಬಂದವಳೇ, "ಲ್ಯಾಬ್ ಬಿಟ್ಟೆ. ಇನ್ನು ಪಾಠ ಅಷ್ಟೇ," ಎಂದು ಅಕ್ಕಿ ಆರಿಸಲು ಕೂತಳು. ನಿವೃತ್ತಿಯವರೆಗೂ ಪಾಠ ಹೇಳಿದಳು. ಮತ್ತೆ ಮಗುವಾಗಲಿಲ್ಲ. ಅತ್ತೆಯ ಮೇಲೆ ಎಂದೂ ದನಿಯೆತ್ತಲಿಲ್ಲ. ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನೂ ತಪ್ಪಿಸಲಿಲ್ಲ.

*

ಗಂಡಸರು ಸರೋಜಾಳನ್ನು ಎತ್ತಿ ತಂದು, ಹಿತ್ತಲಲ್ಲಿ ಸೀರೆ ಮರೆಮಾಡಿದ ಜಾಗದ ಹಲಗೆಯ ಮೇಲೆ ಮಲಗಿಸಿ ಹೊರಟುಹೋದರು. ವಿಜಯಕುಮಾರ್ ಅಂಗಿಯ ತೋಳು ಮಡಚಿದ. ಚೊಂಬಿನಲ್ಲಿ ನೀರು ಮೊಗೆಯುವಷ್ಟರಲ್ಲಿ ಸೀರೆ ಸರಿಯಿತು. ಗೋಡೆ ಹಿಡಿದುಕೊಂಡು ಅವ್ವ ಒಳಗೆ ಬಂದಳು.

"ಹೆಣ್ಣಿನ ಮೈ ಹೆಣ್ಣೇ ತೊಳೀಬೇಕು. ನೀನು ಆ ಕಡೆ ಮುಖ ಮಾಡಿ ನೀರು ಹಾಕು."

ಅವಳು ಕಷ್ಟಪಟ್ಟು ನೆಲಕ್ಕೆ ಕೂತಳು. ಅವನು ಸುರಿದ ನೀರು ಅವಳ ಸೀರೆಯನ್ನೂ ತೋಯಿಸಿ ಹರಿಯಿತು. ಸೊಸೆಯ ತೋಳು, ಬೆನ್ನು, ಪಾದ ಎಲ್ಲವನ್ನೂ ಎಳೆಗೂಸಿಗೆ ಎರೆಯುವಂತೆ ಉಜ್ಜಿದಳು. ಹೊಟ್ಟೆಯ ಹತ್ತಿರ ಬಂದಾಗ ಕೇಳಿದಳು:

"ಅವತ್ತು ನಾನಂದಿದ್ದು ಖರೆ ಏನಪ್ಪ?"

"ಇಲ್ಲವ್ವ. ಹೊಕ್ಕುಳಬಳ್ಳಿ ಸುತ್ತಿತ್ತು."

"ನಿಂಗೆ ಅವತ್ತೇ ಗೊತ್ತಿತ್ತಾ?"

"ಹ್ಞೂಂ."

ಉಜ್ಜುವ ಕೈ ನಿಂತಿತು.

"ಮತ್ತೆ ನಂಗೆ ಯಾಕ ಹೇಳಲಿಲ್ಲ?"

ಅವನು ಇನ್ನೊಂದು ಚೊಂಬು ಮೊಗೆದ. ಅವ್ವ ಕಾಯ್ದಳು. ಆಮೇಲೆ, "ಹಾಕು," ಎಂದಳು. ಹಾಕಿದ. ಮೀಯಿಸುವುದು ಮುಗಿಯುವ ಹೊತ್ತಿಗೆ ಲತಾ ಹೊಸ ಸೀರೆ ಹಿಡಿದು ಬಂದಳು. ಅವಳ ಹಿಂದೆ ಇನ್ನಿಬ್ಬರು ಬಂದು ತಲೆ ಬಾಚಲು ಕೂತರು.

ಹರಿಹರ ಸರೋಜಾಳ ತವರು. ಅಲ್ಲಿಯೇ ಹೊಳೆದಂಡೆಯಲ್ಲಿ ವಿಜಯಕುಮಾರ್ ಚಿತೆಗೆ ಬೆಂಕಿಯಿಟ್ಟ. ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದ ಮನುಷ್ಯ ಉರಿಯ ಮುಂದೆ ಸುಮ್ಮನೆ ನಿಂತಿದ್ದ. ಬಿಸಿ ತಾಗುತ್ತದೆ, ಹಿಂದಕ್ಕೆ ಬಾ ಎಂದು ಯಾರೋ ರಟ್ಟೆ ಹಿಡಿದು ಎಳೆದರು. ಹೊಳೆಯಲ್ಲಿ ಮುಳುಗೆದ್ದ. ನೀರು ತಣ್ಣಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಮನೆಗೆ ಬಂದಾಗ ಮುಸ್ಸಂಜೆ. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಹಚ್ಚಿಟ್ಟಿದ್ದರು. ಅದರ ಮುಂದೆ ಮೈಲಮ್ಮ ಕೂತಿದ್ದಳು. ತೊಯ್ದ ಸೀರೆ ಬದಲಿಸಿದ್ದರೂ ಚಳಿ ಬಿಟ್ಟಿರಲಿಲ್ಲವೇನೋ, ಸರೋಜಾಳ ಕೆಂಪು ಸ್ವೆಟರ್ ತೊಟ್ಟಿದ್ದಳು. ಎದೆಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದಳು. ತೋಳು ಉದ್ದವಾಗಿ ಬೆರಳುಗಳು ಕಾಣುತ್ತಿರಲಿಲ್ಲ. ವಿಜಯಕುಮಾರ್ ಬಾಗಿಲು ತೆರೆದೊಡನೆ ನುಗ್ಗಿದ ಗಾಳಿಗೆ ದೀಪ ಬಳುಕಿತು. ಅವಳು ತಿರುಗಿ ನೋಡದೆ, ಆ ಜೋಲುವ ತೋಳುಗಳೆರಡನ್ನೂ ದೀಪಕ್ಕೆ ಮರೆಯಾಗಿ ಹಿಡಿದಳು.