ಸೇಂಟ್ ಜಾರ್ಜಸ್ಸಿನಲ್ಲಿ ಪಾಡ್ಯ

ಮೈಸೂರಿನ ಅಗ್ರಹಾರದ ರಾಮಸ್ವಾಮಿಗಳ ಮನೆಯವರು ಗ್ರೆನಡಾಕ್ಕೆ ಹೊರಟಾಗ ಬೀದಿಯವರ ನಾಲಿಗೆಗೆ ಆ ಹೆಸರೇ ಹತ್ತಲಿಲ್ಲ. ವೆಸ್ಟ್ ಇಂಡೀಸ್ ಕಡೆಯ ದ್ವೀಪ ಎಂದ ಮೇಲೆ, ಓ, ಕ್ರಿಕೆಟ್ಟಿನವರ ಊರಾ ಎಂದು ಸುಮ್ಮನಾದರು. ಸೊಸೆ ಲಹರಿಯ ತಮ್ಮ ಚೈತನ್ಯ ಅಲ್ಲಿ ಡಾಕ್ಟರಿಕೆ ಓದುವ ಹುಡುಗರಿಗೆ ಪಾಠ ಹೇಳುತ್ತಾನೆ. ಸೇಂಟ್ ಜಾರ್ಜಸ್ ಎಂಬ ಹಳೆಯ ಬಂದರಿನ ಊರಿನಲ್ಲಿ, ಗುಡ್ಡದ ಮೇಲೆ ಅವನ ಮನೆ. ಅವನು ಕರೆದ, ಮಗ ಮಾಧವ ತನ್ನ ಹಲ್ಲಿನ ಕ್ಲಿನಿಕ್ಕಿಗೆ ಬೀಗ ಹಾಕಿದ. ಹೋಗುವವರು ಮೂವರು ಎಂದಿದ್ದದ್ದು ಕೊನೆಗೆ ನಾಲ್ವರಾಯಿತು. ನಾಲ್ಕನೆಯವರು ಶಾರದಮ್ಮ.

ಶಾರದಮ್ಮ ರಾಮಸ್ವಾಮಿಗಳ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಅಂದಿನಿಂದ ಆ ಮನೆಯ ಒಲೆ ಅವರದ್ದು. "ಅತ್ತೇನೂ ಪ್ರಪಂಚ ನೋಡ್ಲಿ, ಪಾಪ" ಎಂದು ಲಹರಿ ಹೇಳಿದ್ದನ್ನು ಕೇಳಿ ಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು. ಅಷ್ಟು ಬೇಗ ಒರೆಸಿಕೊಳ್ಳಬೇಕಾಗಿರಲಿಲ್ಲ. ರಾಮಸ್ವಾಮಿಗಳು ಹೊರಗಿನ ಅನ್ನ ಮುಟ್ಟುವವರಲ್ಲ, ತಂಗಿಯ ಸಾರಿಲ್ಲದೆ ಅವರ ಊಟ ಮುಗಿಯುವುದಿಲ್ಲ. ಪ್ರಪಂಚ ನೋಡಲು ಹೊರಟ ಶಾರದಮ್ಮನ ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ ಬಿಟ್ಟರೆ ಮಿಕ್ಕಿದ್ದೆಲ್ಲ ಸಾರಿನಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು, ಸಂಡಿಗೆ.

ಇದೆಲ್ಲ ಶಾರದಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹೊರಟದ್ದು ಒಂದೇ ಒಂದು ಆಸೆಗೆ. ಅವರು ಕಂಡಿದ್ದೆಂದರೆ ನಂಜನಗೂಡು, ಮೇಲುಕೋಟೆ, ಹೆಚ್ಚೆಂದರೆ ತಿರುಪತಿ. ಸಮುದ್ರ ಕಂಡಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಸಮುದ್ರದಲ್ಲಿ ಕಾಲು ನೆನೆಸಬೇಕು ಎಂದಿತ್ತು.

ಊರು ಚೆಂದ ಎನ್ನುವುದರಲ್ಲಿ ಎರಡು ಮಾತಿಲ್ಲ. ಕುದುರೆಲಾಳದ ಹಾಗೆ ಬಾಗಿದ ಬಂದರು, ಗುಡ್ಡ ಹತ್ತಿ ಹೋದ ಕೆಂಪು ಹೆಂಚಿನ ಮನೆಗಳು, ನೆತ್ತಿಯ ಮೇಲೆ ಫ್ರೆಂಚರ ಕಾಲದ ಕೋಟೆ, ಹಿತ್ತಿಲುಹಿತ್ತಿಲಲ್ಲೂ ಜಾಜಿಕಾಯಿಯ ಮರ. ಆದರೆ ಅದು ಲಹರಿಯ ಫೋನಿನಲ್ಲಿರುವ ಸೇಂಟ್ ಜಾರ್ಜಸ್. ಶಾರದಮ್ಮನದು ಅಡುಗೆಮನೆ ಕಿಟಕಿಯದು. ಎರಡು ಹೆಂಚಿನ ಮಾಡುಗಳ ನಡುವೆ ಅಂಗೈಯಗಲ ನೀಲಿ ಕಾಣುತ್ತಿತ್ತು. ಪಾತ್ರೆ ಬೆಳಗುತ್ತ ಅದನ್ನೇ ನೋಡುತ್ತಿದ್ದರು.

ಮಾಧವ, ಲಹರಿ ದಿನವೂ ಸಮುದ್ರಕ್ಕೆ ಹೋಗಿ ಮೈತುಂಬ ಮರಳು ಹೊತ್ತು ಬರುತ್ತಿದ್ದರು. ಶಾರದಮ್ಮ ಮೆಲ್ಲಗೆ ಕೇಳಿದರು.

"ಅಣ್ಣಯ್ಯ, ನಾನೂ ಒಂದ್ಸಲ ಹೋಗ್ಬರ್ಲಾ?"

"ಪರ್ವಕಾಲ ಅಲ್ದೆ ಸಮುದ್ರ ಮುಟ್ಟಬಾರದು ಕಣೇ. ಹುಣ್ಣಿಮೆ, ಅಮಾವಾಸ್ಯೆ ಬಿಟ್ರೆ ದೋಷ. ಅಪ್ಪ ಹೇಳ್ತಿರ್ಲಿಲ್ವಾ?"

"ಮಾಧವ ದಿನಾ ಬೀಳ್ತಾನಲ್ಲ?"

"ಅವನು ಈಗಿನ ಕಾಲದೋನು. ನೀನು ನೈವೇದ್ಯ ಮಾಡೋಳು."

ಸಮುದ್ರ ದಾಟಬಾರದು ಎಂದೂ ಅದೇ ಶಾಸ್ತ್ರ ಹೇಳುತ್ತದೆ. ವಿಮಾನದಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತ ಸಮುದ್ರ ದಾಟಿ ಬಂದ ಮನುಷ್ಯ ಇದನ್ನು ಹೇಳಿದ್ದು! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಶಾರದಮ್ಮ ಅಣ್ಣನ ಪೂಜೆಯ ಚೀಲದಿಂದ ಪಂಚಾಂಗ ತೆಗೆದು ನೋಡಿದರು. ಹೊರಡುವ ಹಿಂದಿನ ದಿನವೇ ಹುಣ್ಣಿಮೆ ಇತ್ತು. "ಆಗ್ಲಿ, ಅವತ್ತು ಎಲ್ರೂ ಹೋಗೋಣ" ಎಂದರು ರಾಮಸ್ವಾಮಿಗಳು. ಅಂದಿನಿಂದ ಶಾರದಮ್ಮನ ಮುಖಕ್ಕೆ ಕಳೆ ಬಂತು. ಚಪಾತಿ ಲಟ್ಟಿಸುತ್ತ ಗುನುಗತೊಡಗಿದರು.

ಹುಣ್ಣಿಮೆಯ ನಸುಕಿನಲ್ಲೇ ಎದ್ದು, ಮಿಂದು, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. "ಮೊದ್ಲು ಪೂಜೆಗೆ ಅಣಿ ಮಾಡು" ಎಂದರು ಅಣ್ಣ. ಪೂಜೆ ಆ ದಿನ ಯಾಕೋ ಉದ್ದವಾಯಿತು. ಆಮೇಲೆ ಕಾಫಿ. ಆಮೇಲೆ ದೋಸೆ. "ಇನ್ನೊಂದು ಹಾಕು, ಗರಿಗರಿಯಾಗಿರ್ಲಿ." ಹಾಕಿದರು. "ಇನ್ನೊಂದು." ಅದನ್ನೂ ಹಾಕಿದರು.

ಕೊನೆಗೂ ಕಾರು ಕಡಲತೀರದಲ್ಲಿ ನಿಂತಿತು. ಶಾರದಮ್ಮ ಚಪ್ಪಲಿ ಕಳಚಿ, ನೆರಿಗೆ ಎತ್ತಿ ಹಿಡಿದು, ಒದ್ದೆ ಮರಳಿನವರೆಗೂ ಬಂದರು. ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ರಾಮಸ್ವಾಮಿಗಳು ಆಗ ಕೂಗಿದರು.

"ಶಾರದಾ, ನಿಲ್ಲು! ಹುಣ್ಣಿಮೆ ಎಷ್ಟೊತ್ತಿನವರೆಗೆ ಅಂತ ನೋಡ್ದೆಯಾ?"

"ಸಾಯಂಕಾಲ ಐದರವರೆಗೂ ಇದೆ ಅಣ್ಣಯ್ಯ. ಇನ್ನೂ ಬೆಳಗ್ಗೆ."

"ಅದು ಮೈಸೂರಿನ ಗಂಟೆ ಕಣೇ ಪೆದ್ದೀ. ಅಲ್ಲೀಗ ದೀಪ ಹಚ್ಚೋ ಹೊತ್ತು. ನಾವು ದೋಸೆ ತಿಂತಿದ್ದಾಗಲೇ ಹುಣ್ಣಿಮೆ ಮುಗೀತು. ಈಗ ಪಾಡ್ಯ."

ಶಾರದಮ್ಮ ತಿರುಗಿ ನೋಡಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿದೋನು ನಾನು" ಎಂದು ರಾಮಸ್ವಾಮಿಗಳು ಮುಗುಳ್ನಕ್ಕರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಆ ಪೂಜಾರಿಗೆ ದೋಸೆ ಹಾಕಿಕೊಟ್ಟವರೂ ಶಾರದಮ್ಮನೇ.

ಅಷ್ಟರಲ್ಲಿ ಒಂದು ಅಲೆ ಬಂತು. ಅಲೆಗೆ ತಿಥಿ ಗೊತ್ತಿರುತ್ತದೆಯೇ? ನೊರೆ ಹರಡಿಕೊಂಡು ಶಾರದಮ್ಮನ ಪಾದದತ್ತಲೇ ನುಗ್ಗಿತು. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ನಿಲ್ಲಲಿಲ್ಲ. ಅಷ್ಟು ವರ್ಷ ಒಂದೇ ಬಾಯಿಯ ಮಾತು ಕೇಳಿದ ಕಾಲುಗಳು ಅವು. ಸೀರೆ ಮಂಡಿಗೆತ್ತಿಕೊಂಡು ಹಿಂದಕ್ಕೆ ಓಡಿದರು, ಓಡುತ್ತ ಮುಗ್ಗರಿಸಿ ಮರಳಿನಲ್ಲಿ ಕುಕ್ಕರಿಸಿದರು. ಲಹರಿ ಬಿದ್ದು ಬಿದ್ದು ನಗುತ್ತ ಫೋನಿನಲ್ಲಿ ಅದನ್ನೆಲ್ಲ ಹಿಡಿದಳು. ಮಾರನೆಯ ದಿನ ವಿಮಾನ ಹತ್ತಿದರು.

ಮೈಸೂರಿಗೆ ಬಂದ ಮೇಲೆ ಒಂದು ಭಾನುವಾರ ಮಾಧವನ ಗೆಳೆಯ ಬಿಂದುಮಾಧವ ಹೆಂಡತಿಯೊಡನೆ ಬಂದ. ನಡುಮನೆಯ ದೊಡ್ಡ ಟಿವಿಯಲ್ಲಿ ಫೋಟೋಗಳು ಓಡುತ್ತಿದ್ದವು. ಶಾರದಮ್ಮ ಕಾಫಿ, ಕೋಡುಬಳೆ ತಂದಿಟ್ಟರು. ಬಿಂದುಮಾಧವನ ಹೆಂಡತಿ ಅವರ ಕೈ ಹಿಡಿದು ಕೇಳಿದಳು:

"ನೀವೂ ಸಮುದ್ರಕ್ಕೆ ಇಳಿದ್ರಾ ಅಮ್ಮ?"

ಶಾರದಮ್ಮ ಅಣ್ಣನ ಕಡೆ ನೋಡಲಿಲ್ಲ. "ಹ್ಞೂ ಕಣಮ್ಮ. ಮಂಡಿವರೆಗೂ ಇಳಿದೆ. ನೀರು ಬೆಚ್ಚಗಿತ್ತು" ಎಂದರು. ಹೇಳುವಾಗ ಅವರ ಕಣ್ಣು ಹೊಳೆಯಿತು. ಆ ಸುಳ್ಳೊಂದನ್ನು ಅವರಿಗೆ ಬಿಟ್ಟುಕೊಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

"ಅಯ್ಯೋ ಅತ್ತೆ, ಏನು ಬುರುಡೆ!" ಲಹರಿ ಚಪ್ಪಾಳೆ ತಟ್ಟಿದಳು. "ತಾಳ್ರೀ, ವಿಡಿಯೋನೇ ಇದೆ."

ಟಿವಿಯಲ್ಲಿ ಶಾರದಮ್ಮ ಓಡಿದರು, ಮುಗ್ಗರಿಸಿದರು, ಕುಕ್ಕರಿಸಿದರು. ಎಲ್ಲರೂ ನಕ್ಕರು. "ಇನ್ನೊಂದ್ಸಲ ಹಾಕಿ" ಎಂದ ಬಿಂದುಮಾಧವ. ಮಾಧವ ಈ ಸಲ ನಿಧಾನವಾಗಿ ಓಡಿಸಿದ. "ಸುಳ್ಳು ಬೇರೆ ಕಲ್ತಿದಾಳೆ ನೋಡಿ" ಎಂದು ರಾಮಸ್ವಾಮಿಗಳು ಹೊಟ್ಟೆ ಹಿಡಿದುಕೊಂಡರು. ಶಾರದಮ್ಮನೂ ತಟ್ಟೆ ಹಿಡಿದು ನಿಂತು ನೋಡಿದರು. ನೀರು ಅವರ ಪಾದಕ್ಕೆ ಒಂದು ಗೇಣು ಇರುವಾಗ ನಿಂತು, ಹಿಂದೆ ಸರಿದಿತ್ತು.

ನಗು ಇಳಿದ ಮೇಲೆ ಬಿಂದುಮಾಧವನ ಹೆಂಡತಿ ಇನ್ನೊಂದು ಕೋಡುಬಳೆ ಮುರಿದಳು. "ಎಷ್ಟು ಚೆನ್ನಾಗಿದೆ ಕಣ್ರೀ! ನಾವು ಮುಂದಿನ ತಿಂಗಳು ಬಾಲಿಗೆ ಹೊರಟಿದೀವಿ. ನಮ್ಮ ಮಾವನೋರೂ ಹೊರಗೆ ತಿನ್ನಲ್ಲ. ಇವರನ್ನ ನಮ್ಮ ಜೊತೆ ಕಳಿಸ್ಕೊಡ್ತೀರಾ?"

"ಧಾರಾಳವಾಗಿ ಕರ್ಕೊಂಡ್ಹೋಗಿ" ಎಂದರು ರಾಮಸ್ವಾಮಿಗಳು, ಮದುವೆಮನೆಗೆ ಕೊಪ್ಪರಿಗೆ ಎರವಲು ಕೊಡುವವರ ಹಾಗೆ. "ಉಪ್ಪಿನಕಾಯಿ ಹಾಕೋ ಹೊತ್ತಿಗೆ ವಾಪಸ್ ಕಳಿಸಿದ್ರೆ ಸಾಕು."

"ಅತ್ತೆ, ಬಾಲಿಯಲ್ಲೂ ಸಮುದ್ರ ಇದೆ" ಎಂದಳು ಲಹರಿ. "ಇಳ್ಕೊಳ್ಳೋ ಮನೆ ಎದುರಿಗೇನೇ!"

ಶಾರದಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದರು. ತಲೆ ಎತ್ತದೆ ಬಿಂದುಮಾಧವನ ಹೆಂಡತಿಯನ್ನು ಕೇಳಿದರು:

"ಎಷ್ಟು ಜನಕ್ಕೆ ಅಡುಗೆ?"