ಕುರ್ಚಿಯೋ, ಇತರೆಯೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ದಿನ ಬೆಳಿಗ್ಗೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ, ಅಷ್ಟು ಖುಷಿ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನೇ ಮಾಡಿದ ಮೊದಲ ಕುರ್ಚಿ ಲಾರಿ ಹತ್ತಿ ಹೊರದೇಶಕ್ಕೆ ಹೊರಡುವುದಿತ್ತು.

ನಮ್ಮ ದೊಡ್ಡಪ್ಪನದು ಮರಗೆಲಸದ ಕಾರ್ಖಾನೆ. ಆರು ವರ್ಷದಿಂದ ನಾನು ಅಲ್ಲಿ ಮಾಡುತ್ತಿದ್ದುದು ಒಂದೇ ಕೆಲಸ: ಹೊರಗೆ ಹೋಗುವ ಪ್ರತಿ ಸಾಮಾನಿಗೂ ತೆರಿಗೆಯವರ ಸಂಖ್ಯೆ ಬರೆಯುವುದು. ಕೂರುವಂಥದ್ದಕ್ಕೆ ೯೪೦೧. ಮಿಕ್ಕಿದ್ದಕ್ಕೆ ೯೪೦೩, ಅದರ ಹಿಂದೆ ಆಫೀಸಿನ ಮೇಜಿಗೆ ಒಂದು ಅಂಕಿಯ ಬಾಲ, ಅಡುಗೆಮನೆ ಕಪಾಟಿಗೆ ಇನ್ನೊಂದು, ಮಂಚಕ್ಕೆ ಮತ್ತೊಂದು. ಎಲ್ಲಿಯೂ ಸೇರದ ಅಬ್ಬೇಪಾರಿ ಮರವೆಲ್ಲ ಕೊನೆಗೆ ‘ಇತರೆ’. ಉಳಿ ಹಿಡಿಯಬೇಕೆಂದು ಕೈ ತುರಿಸುತ್ತಿದ್ದವಳಿಗೆ ಈ ಬಾಲ ಅಂಟಿಸುವ ಕೆಲಸ ಸಾಕೋ ಸಾಕಾಗಿತ್ತು.

ಅದಕ್ಕೇ ಊಟದ ಬಿಡುವಿನಲ್ಲಿ, ಮಿಕ್ಕ ಹಲಗೆಗಳನ್ನು ಸೇರಿಸಿ, ಕೆಲಸಗಾರರ ಉಳಿ ಬೇಡಿ ತಂದು, ಕದ್ದುಮುಚ್ಚಿ ಒಂದು ಕುರ್ಚಿ ಮಾಡಿದೆ. ಅಜ್ಜಿಯನ್ನು ನೋಡಿ ಮಾಡಿದ್ದು. ದೊಡ್ಡಪ್ಪನ ತಾಯಿಯಾದ ಈ ಅಜ್ಜಿಗೆ ನೆಟ್ಟಗೆ ಕೂತು ಗೊತ್ತೇ ಇಲ್ಲ. ಒಂದು ಕಾಲು ಮಡಿಸಿ, ಇನ್ನೊಂದು ಇಳಿಬಿಟ್ಟು, ಬಲಕ್ಕೆ ವಾಲಿಕೊಂಡೇ ಕೂರುತ್ತಾಳೆ. ಹಾಗಾಗಿ ನನ್ನ ಕುರ್ಚಿಯ ಕೂರುವ ಹಲಗೆ ಒಂದು ಕಡೆ ಅಗಲ, ಬೆನ್ನೊರಗು ಗಿಡ್ಡ ಮತ್ತು ಓರೆ, ಬಲಗೈ ಇಡುವ ಜಾಗ ತಟ್ಟೆ ಇಡುವಷ್ಟು ದೊಡ್ಡದು, ಎಡಗೈಗೆ ಏನೂ ಇಲ್ಲ. ಆ ದಿನ ಬೆಳಿಗ್ಗೆ ದೊಡ್ಡಪ್ಪ ಅದಕ್ಕೆ ಒಂದು ಸುತ್ತು ಹಾಕಿದರು.

“ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನೋದು ಇದಕ್ಕೇ. ಇದನ್ನ ಕುರ್ಚಿ ಅಂತೀಯ?”

“ಕುರ್ಚಿನೇ, ದೊಡ್ಡಪ್ಪ.”

“ಸರಿ ಹಾಗಾದ್ರೆ. ಗಿರಾಕಿ ಒಂದು ಹೊಸ ಮಾದರಿ ಕುರ್ಚಿ ಕೇಳಿದಾರೆ, ಇದನ್ನೇ ಕಳ್ಸೋಣ. ತೆರಿಗೆ ಆಫೀಸರ್ ಇದು ಕೂರೋದು ಅಂತ ಒಪ್ಪಿ ರುಜು ಹಾಕಿದ್ರೆ ನೀನು ನನ್ನ ಪಕ್ಕ ಕೆಲಸಕ್ಕೆ ನಿಲ್ಲು. ‘ಇತರೆ’ ಅಂತ ಬರೆದ್ರೆ ಇನ್ನು ಜನ್ಮದಲ್ಲಿ ಉಳಿ ಸುದ್ದಿ ಎತ್ಕೂಡದು. ಫಾರಂ ತುಂಬ್ಕೊಂಡಿರು.”

ದೊಡ್ಡಪ್ಪ ಒಮ್ಮೆ ಆಡಿದ ಮಾತನ್ನು ಬ್ರಹ್ಮ ಬಂದರೂ ಬದಲಾಯಿಸುವುದಿಲ್ಲ. ಖುಷಿ, ದಿಗಿಲು ಎರಡೂ ಒಟ್ಟಿಗೆ ತಲೆಗೇರಿದ್ದು ಆವಾಗಲೇ ಇರಬೇಕು. ಅದೇ ಭರದಲ್ಲಿ ಕೂತು ಫಾರಂ ತುಂಬಿದೆ.

ಹನ್ನೊಂದಕ್ಕೆ ಆಫೀಸರ್ ಬಂದರು. ಸಣಕಲು ಮನುಷ್ಯ, ಕೈಯಲ್ಲಿ ಅಳತೆ ಟೇಪು. ಲಾರಿಯ ಹಿಂದೆ ನಿಂತು ಫಾರಂ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಅಲ್ಲಮ್ಮಾ, ಈ ಬಟ್ಟೆ ಬೀರು ಮೇಲೆ ಯಾರು ಕೂತ್ಕೊಳ್ತಾರೆ?”

ಇಣುಕಿ ನೋಡಿದೆ. ನಲವತ್ತೆರಡು ಸಾಮಾನಿಗೂ ನಾನು ೯೪೦೧ ಎಂದೇ ಬರೆದಿದ್ದೆ. ಮಂಚ, ಮೇಜು, ಪುಸ್ತಕದ ಕಪಾಟು, ಒಂದನ್ನೂ ಬಿಟ್ಟಿರಲಿಲ್ಲ.

“ಅಡುಗೆಮನೆ ಗೋಡೆ ಕಪಾಟೂ ಕೂರೋದೇನಾ?” ಎಂದರು ಆಫೀಸರ್.

“ಚಿಕ್ಕೋಳಿದ್ದಾಗ ಇವಳು ಅಲ್ಲೇ ಹತ್ತಿ ಕೂರ್ತಿದ್ಲು ಸಾರ್,” ಎಂದು ಬಾಗಿಲಲ್ಲಿದ್ದ ಅಜ್ಜಿ ನನ್ನ ಪರ ಸಾಕ್ಷಿ ನುಡಿದಳು.

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಕಿಸಕ್ಕೆಂದು ಹೊರಬಂತು. ದೊಡ್ಡಪ್ಪ ಕಣ್ಣಲ್ಲೇ ನನ್ನನ್ನು ಸುಟ್ಟರು. ಆಫೀಸರ್ ಮಾತ್ರ ನಗಲಿಲ್ಲ. ಒಂದೊಂದೇ ಸಾಲು ಹೊಡೆದುಹಾಕಿ, ಸರಿಯಾದ ಸಂಖ್ಯೆ ಬರೆದು, ಕೊನೆಗೆ ನನ್ನ ಕುರ್ಚಿಯ ಹತ್ತಿರ ಬಂದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತಾರೆ. ಟೇಪು ಹಿಡಿದು ನಾಲ್ಕೂ ಕಡೆ ಅಳೆದರು, ಬೆನ್ನು ನೆಟ್ಟಗೆ ಮಾಡಿ ಕೂತರು, ಒರಗು ಓರೆಯಿದ್ದುದರಿಂದ ಒಂದು ಪಕ್ಕಕ್ಕೆ ಜಾರಿದರು.

“ಇದು ಹೂಕುಂಡ ಇಡೋ ಸ್ಟ್ಯಾಂಡು,” ಎಂದು ಎದ್ದರು. “ಯಾರೋ ಕೈಲಾಗದೋರು ಕುರ್ಚಿ ಮಾಡೋಕೆ ಹೋಗಿ ಅರ್ಧಕ್ಕೇ ಬಿಟ್ಟಿದಾರೆ. ಇತರೆ.”

ಪೆನ್ನು ಕಾಗದದ ಕಡೆ ಇಳಿಯಿತು. ನನ್ನ ನಗುವೆಲ್ಲ ಎಲ್ಲಿಗೆ ಹೋಯಿತೋ. ತಪ್ಪು ನನ್ನದೇ, ನಾನೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡಿದ್ದೆ.

“ಸ್ವಲ್ಪ ನಿಲ್ಲಿ,” ಎಂದರು ದೊಡ್ಡಪ್ಪ. “ಕೈಲಾಗದೋರು ಅಂದ್ರಾ?”

“ಕಾಣ್ತಾ ಇದೆಯಲ್ಲ.”

“ಏನು ಕಾಣ್ತಾ ಇದೆ? ಬಗ್ಗಿ ನೋಡಿ. ಎಲ್ಲಾದ್ರೂ ಒಂದು ಮೊಳೆ ಇದೆಯಾ? ಮರದ ಎಳೆ ಹೋದ ಕಡೆಗೇ ಹಿಂಗಾಲು ಬಾಗಿದೆ, ಮುಟ್ಟಿ ನೋಡಿ. ಜಾಯಿಂಟಲ್ಲಿ ಉಗುರು ತೂರಲ್ಲ. ನಲವತ್ತು ವರ್ಷದಿಂದ ಕುರ್ಚಿ ಮಾಡ್ತಾ ಇದೀನಿ ಸ್ವಾಮಿ, ಈ ಓರೆ ನನಗೇ ಹೊಳೀಲಿಲ್ಲ.”

“ಬೆಳಿಗ್ಗೆ ನೀನೇ ಅಲ್ವೇನೋ ಹೆಗ್ಗಣ ಅಂದಿದ್ದು?” ಎಂದಳು ಅಜ್ಜಿ.

“ನಾನು ಅಂತೀನಮ್ಮ. ನಾನು ಅವಳ ದೊಡ್ಡಪ್ಪ. ಇವರು ಯಾರು ಅನ್ನೋಕೆ?” ಎಂದು ದೊಡ್ಡಪ್ಪ ಆಫೀಸರ ತೋಳು ಹಿಡಿದೇ ಬಿಟ್ಟರು. “ಬನ್ನಿ, ಕೂತ್ಕೊಳ್ಳಿ. ಹಾಗಲ್ಲ. ಎಡಗಾಲು ಮಡಿಸಿ. ನಾಚಿಕೆ ಏನು, ಇಲ್ಲಿ ಯಾರಿದಾರೆ? ಬಲಕ್ಕೆ ವಾಲಿ. ಹಾಂ. ಈಗ ಫಾರಂನ ಕುರ್ಚಿಯ ಆ ಅಗಲದ ಕೈ ಮೇಲಿಡಿ.”

ಆಫೀಸರ್ ಕಾಲು ಮಡಿಸಿದರು, ವಾಲಿದರು. ಫಾರಂ ಆ ಕೈ ಮೇಲಿಟ್ಟರು.

“ನನಗೆ ಮೂರು ವರ್ಷದಿಂದ ಸೊಂಟ ನೋವು,” ಎಂದರು ಆಮೇಲೆ, ಯಾರಿಗೂ ಅಲ್ಲ ಎಂಬಂತೆ. ಕೂತಲ್ಲೇ ೯೪೦೧ ಬರೆದು ರುಜು ಹಾಕಿದರು. ಹಾಕಿದ ಮೇಲೂ ಏಳಲಿಲ್ಲ, ಅಜ್ಜಿಯ ಹತ್ತಿರ ಸೊಂಟ ನೋವಿನ ಎಣ್ಣೆಯ ಬಗ್ಗೆ ವಿಚಾರಿಸಿಕೊಂಡರು. ನಾನು ಕುಣಿಯುವುದೊಂದು ಬಾಕಿ.

ಅವರ ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ದೊಡ್ಡಪ್ಪ ಕೈ ಕಟ್ಟಿಕೊಂಡು ನಿಂತಿದ್ದರು. ಆಮೇಲೆ ಕುರ್ಚಿಯನ್ನು ತಲೆಕೆಳಗು ಮಾಡಿದರು.

“ಎಡಗಡೆ ಹಿಂಗಾಲಿನ ಜಾಯಿಂಟು ಸಡಿಲ ಇದೆ. ಅವರ ಮುಂದೆ ಹೇಳೋಕಾಗ್ಲಿಲ್ಲ, ಸುಳ್ಳು ಹೇಳ್ದೆ. ಲಾರಿ ಹೊರಡೋಕೆ ಇನ್ನೂ ಒಂದು ಗಂಟೆ ಇದೆ, ಬಿಚ್ಚಿ ಸರಿಮಾಡು.”

“ಯಾವ ಉಳಿ ತಗೊಳ್ಲಿ, ದೊಡ್ಡಪ್ಪ?”

“ನಿಂದು ಅಂತ ಇನ್ನೂ ಎಲ್ಲಿದೆ? ನಂದು ತಗೋ.”

ಆ ಉಳಿಯನ್ನು ಅವರು ಇದುವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ನನಗೆ ಅಳು ಬಂತು, ಜೊತೆಗೇ ನಗುವೂ ಬಂತು. “ಮೊದಲು ಮೂಗು ಒರೆಸ್ಕೋ, ಮರಕ್ಕೆ ನೀರು ತಾಗಬಾರದು,” ಎಂದರು ದೊಡ್ಡಪ್ಪ.