ಒಂದೇ ಗೋಡೆಯ ಶಾಲೆ

"ಹಿಂದುಗಡೆ ಯಾಕೋ ಗಾರೆ ಬಳೀತಿದ್ದೀಯ, ಬೋಳಿಮಗನೆ? ಅದನ್ನ ನಿಮ್ಮಪ್ಪ ಬಂದು ನೋಡ್ತಾನಾ?"

ಶಾಲಾ ಸಮಿತಿಯ ಅಧ್ಯಕ್ಷರು ಹೀಗೆ ಬೈದದ್ದು ನನ್ನ ಗಂಡನಿಗೆ. ಅವನು ಗಾರೆ ಕೆಲಸದವನು, ನಾನು ಸಿಮೆಂಟು ಕಲಸಿ ಹೊತ್ತು ಕೊಡುವವಳು. ಗೋಡೆಯೆಂದರೆ ಎರಡೂ ಕಡೆ ಬಳಿಯಬೇಕು ಎಂದು ಅವನ ಕೈಗೆ ರೂಢಿ. ಈ ಗೋಡೆಗೆ ಒಂದೇ ಕಡೆ ಸಾಕಂತೆ.

ನಮ್ಮ ಕೇರಿಯ ಮಕ್ಕಳಿಗೆ ಶಾಲೆ ಕಟ್ಟಲೆಂದು ಸರ್ಕಾರ ಈ ಜಾಗ ಮೀಸಲಿಟ್ಟು, ಹಣವನ್ನೂ ಕೊಟ್ಟಿತ್ತು. ಜಾಗವನ್ನು ಅಧ್ಯಕ್ಷರ ಭಾಮೈದನ ಲಾರಿಗಳು ನೋಡಿಕೊಂಡವು, ಹಣವನ್ನು ಅಧ್ಯಕ್ಷರೇ ಖುದ್ದಾಗಿ ನೋಡಿಕೊಂಡರು. ದೊಡ್ಡ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂದದ್ದೇ ತಡ, ರಸ್ತೆ ಕಡೆಗೆ ಈ ಗೋಡೆ ಎದ್ದಿತು. ಬಾಗಿಲು, ಕಿಟಕಿ, ಹಳದಿ ಬಣ್ಣ, ಎಲ್ಲ ಇತ್ತು. ಹಿಂದೆ ಮಾತ್ರ ಬಯಲು, ಲಾರಿಗಳು.

ನನ್ನ ಮಗಳಿಗೆ ಎಂಟು ತುಂಬಿತ್ತು. ಹೆದ್ದಾರಿ ದಾಟಿ ಆಚೆ ಶಾಲೆಗೆ ಒಬ್ಬಳನ್ನೇ ಕಳಿಸಲು ಧೈರ್ಯ ಬರದೆ ಮರಳಿನ ರಾಶಿ ಮೇಲೆ ಕೂರಿಸಿಕೊಂಡಿದ್ದೆ. ಬಾಗಿಲು ಕೂರಿಸಿದ ದಿನ ಅವಳು ತಾನಾಗಿ ಕೈಕಾಲು ತೊಳೆದುಕೊಂಡು ಬಂದು ನಿಂತಳು. ನಾನು ಅವಳನ್ನು ಮತ್ತೆ ಮರಳಿನ ರಾಶಿ ಮೇಲೆ ಕೂರಿಸಿದೆ.

ಸಾಹೇಬರು ಬಂದರು. ಅಧ್ಯಕ್ಷರು ನಮ್ಮ ಮಕ್ಕಳಿಗೆ ಸಮವಸ್ತ್ರ ತೊಡಿಸಿ ಗೋಡೆ ಮುಂದೆ ನಿಲ್ಲಿಸಿದ್ದರು. ಸಾಹೇಬರು ಟೇಪು ಕತ್ತರಿಸಿದರು. ಬಾಗಿಲನ್ನು ಯಾರೂ ತೆಗೆಯಲಿಲ್ಲ.

"ಬಣ್ಣ ಇನ್ನೂ ಹಸಿ ಸಾರ್," ಎಂದರು ಅಧ್ಯಕ್ಷರು.

"ಹಾಗಾದ್ರೆ ಬೇಡ ಬಿಡಿ, ಬಟ್ಟೆಗೆ ಅಂಟುತ್ತೆ."

ಫೋಟೋ ಆಯಿತು, ಕಾರು ಹೋಯಿತು. "ಬಿಚ್ಚಿಸ್ರೇ, ಅದು ಬಾಡಿಗೆ ಬಟ್ಟೆ. ಕೊಳೆಯಾದ್ರೆ ನಿಮ್ಮ ಕೂಲೀಲಿ ಹಿಡೀತೀನಿ," ಎಂದರು ಅಧ್ಯಕ್ಷರು. ಹಳೆಯ ಫ್ರಾಕು ಸಿಗುವವರೆಗೆ ಮಗಳು ನಡುರಸ್ತೆಯಲ್ಲಿ ನನ್ನ ಸೆರಗು ಸುತ್ತಿಕೊಂಡು ನಿಂತಿದ್ದಳು. ಅವಳು ಅಳಲಿಲ್ಲ, ನನಗೆ ಅದೇ ಹೆಚ್ಚು ನೋವಾಯಿತು.

ಮರುದಿನ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಸೇರಿ ಆ ಬಾಗಿಲು ತೆಗೆದೆವು. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ ಲಾರಿಗಳ ಮುಂದೆ ಸಾಲಾಗಿ ಕೂರಿಸಿದೆವು. ಅಧ್ಯಕ್ಷರು ಬನಿಯನ್ನಿನಲ್ಲೇ ಓಡಿಬಂದರು.

"ಯಾವಳೇ ಇವನ್ನ ಇಲ್ಲಿ ಕೂರಿಸಿದ್ದು? ಲಾರಿ ಹೊರಡಬೇಕು."

"ಶಾಲೆ ಸ್ವಾಮಿ," ಎಂದೆ. "ನಿನ್ನೆ ನಿಮ್ಮ ಮುಂದೇನೇ ಸಾಹೇಬ್ರು ಶುರು ಮಾಡಿ ಹೋದ್ರಲ್ಲ."

"ಮೇಷ್ಟ್ರೇ ಇಲ್ಲ, ಯಾವ ಶಾಲೆನೇ ಮುಂಡೇದೇ?"

"ಅದನ್ನ ಸಾಹೇಬ್ರಿಗೆ ಫೋನ್ ಮಾಡಿ ಹೇಳಿ. ಮೇಷ್ಟ್ರು ಬರೋವರೆಗೂ ಕೂತಿರ್ತಾವೆ."

ಅಧ್ಯಕ್ಷರು ಫೋನ್ ತೆಗೆದರು, ಮತ್ತೆ ಲುಂಗಿಗೆ ಸಿಕ್ಕಿಸಿಕೊಂಡರು. "ಸ್ಟಾರ್ಟ್ ಮಾಡೋ, ಎದ್ದು ಓಡ್ತವೆ," ಎಂದು ಡ್ರೈವರನಿಗೆ ಕೂಗಿದರು.

ಎಂಜಿನ್ ಗುಡುಗಿತು. ಮಕ್ಕಳು ನಮ್ಮ ಮುಖ ನೋಡಿದವು. ನಾನು ಹೋಗಿ ಮುಂದಿನ ಸಾಲಿನಲ್ಲಿ ಮಗಳಿಗೆ ಒತ್ತಿಕೊಂಡು ಕೂತೆ. ಉಳಿದ ಹೆಂಗಸರೂ ಬಂದು ಕೂತರು.

ಮಗಳು ನನ್ನನ್ನು ಮೊಣಕೈಯಿಂದ ತಿವಿದಳು.

"ಆಚೆ ಜರುಗಮ್ಮ. ಇದು ನನ್ನ ಜಾಗ."